ಆ ಪ್ರಶ್ನೆಗೆ ‘ಇಲ್ಲ’ ಅಂತ ಒತ್ತಬೇಡ

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಅಮೆರಿಕದ ಎಡಿಸನ್‌ನಲ್ಲಿ ನಿನಗೆ ಅನ್‌ಎಂಪ್ಲಾಯ್‌ಮೆಂಟ್ ಹಣ, ಅಂದರೆ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೊಡೋ ಭತ್ಯೆ, ಬರ್ತಾ ಇದೆ, ಜೊತೆಗೆ ಗೆಳೆಯನ ಅಂಗಡಿಯಲ್ಲಿ ಸಂಬಳವನ್ನು ಕ್ಯಾಶ್ ಆಗಿ ಕೊಡೋ ಕೆಲಸವೂ ಸಿಕ್ಕಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಖುಷಿಯಾಗಿ ಹೇಳಿದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ‘ಈ ವಾರ ಕೆಲಸ ಮಾಡಿದ್ದೀರಾ?’ ಅನ್ನೋ ಪ್ರಶ್ನೆಗೆ ಪ್ರತಿ ವಾರ ನೀನು ಏನು ಉತ್ತರ ಕೊಡ್ತಿದ್ದೀಯ?

ಆ ಗೆಳೆಯ ಸಿಟಿಜನ್. ಸಿಕ್ಕಿಬಿದ್ದರೆ ಅವನಿಗೆ ದಂಡ, ಹೆಚ್ಚೆಂದರೆ ಜೈಲು. ನಿನ್ನ ಕೈಯಲ್ಲಿರೋದು ಗ್ರೀನ್ ಕಾರ್ಡ್, ನೀನು ದೇಶವನ್ನೇ ಬಿಡಬೇಕಾಗಬಹುದು. ವಂಚನೆಯಿಂದ ಆದ ನಷ್ಟ 10,000 ಡಾಲರ್ ದಾಟಿ ಅಪರಾಧ ಸಾಬೀತಾದರೆ, ಶಿಕ್ಷೆ ಬರೀ ಪ್ರೊಬೇಷನ್ (ಜೈಲಿಲ್ಲದೆ ನಿಗಾದಲ್ಲಿ ಇಡೋದು) ಆಗಿದ್ದರೂ ವಲಸೆ ಕಾನೂನು ಅದನ್ನು ‘ಅಗ್ರವೇಟೆಡ್ ಫೆಲನಿ’, ಅಂದರೆ ಗಡೀಪಾರಿಗೆ ದಾರಿ ಮಾಡೋ ಘೋರ ಅಪರಾಧ ಅನ್ನುತ್ತೆ. ವಾರಕ್ಕೆ 500 ಅಂತ ಹಿಡಿ, 21 ವಾರಕ್ಕೆ 10,500. ಆಮೇಲೆ ಹೆಂಡತಿ ಇದ್ದಾಳೆ, ಮಗು ಇಲ್ಲೇ ಹುಟ್ಟಿದ್ದು ಅಂತ ಜಡ್ಜ್ ಹತ್ತಿರ ಬೇಡಿಕೊಳ್ಳೋ ಮುಖ್ಯ ದಾರಿಯೇ ಮುಚ್ಚಿಹೋಗುತ್ತೆ. ಅದಕ್ಕಿಂತ ಕಡಿಮೆ ಮೊತ್ತವಾದರೂ ನಿಶ್ಚಿಂತೆ ಅಲ್ಲ, ನೀನು ಅಲ್ಲಿಗೆ ಹೋಗಿ ಐದು ವರ್ಷ ಆಗಿಲ್ಲ, ಅಷ್ಟರೊಳಗೆ ನೈತಿಕ ಅಧಃಪತನದ ಅಪರಾಧ ಮಾಡಿದರೂ ಗಡೀಪಾರು ಆಗಬಹುದು. ವಂಚನೆ ಅಂದರೆ ನೈತಿಕ ಅಧಃಪತನದ ಅಪರಾಧ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1951ರಲ್ಲೇ ಹೇಳಿಬಿಟ್ಟಿದೆ.

ಅದೇ ಕೋರ್ಟಿನ 2009ರ ನಿಜಾವನ್ ಕೇಸು ಓದು, ಅದೂ ವಂಚನೆಯ ಶಿಕ್ಷೆಯಿಂದ ಗಡೀಪಾರಿಗೆ ಬಂದದ್ದೇ. ಭಾರತದಿಂದ 1985ರಲ್ಲಿ ಹೋಗಿ ನೆಲೆಸಿದವರು. ನಷ್ಟ ಎಷ್ಟು ಅಂತ ಜ್ಯೂರಿ ತೀರ್ಮಾನಿಸಿರಲೇ ಇಲ್ಲ, ಆದರೂ ಶಿಕ್ಷೆಯ ಹೊತ್ತಿನಲ್ಲಿ ತಾವೇ ಒಪ್ಪಿಕೊಂಡ ಮೊತ್ತ ಸಾಕಾಯ್ತು. ಒಂಬತ್ತೂ ನ್ಯಾಯಮೂರ್ತಿಗಳು ಅವರ ವಿರುದ್ಧವೇ ತೀರ್ಪು ಕೊಟ್ಟರು. ಅಷ್ಟು ವರ್ಷ ಬಾಳಿದವರನ್ನು ಹೊರಗೆ ಹಾಕೋದು ನನಗೂ ತುಂಬ ಕಠಿಣ ಅನ್ನಿಸುತ್ತೆ. ಆದರೆ ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲಾಗದವರಿಗೆ ಅಂತ ಇಟ್ಟ ದುಡ್ಡು ಅದು. ದುಡಿಮೆ ಮುಚ್ಚಿಟ್ಟು ಅದನ್ನು ತಗೊಳ್ಳೋದು ಕಳ್ಳತನವೇ ಮಗು, ಅದಕ್ಕೆ ಬೇರೆ ಹೆಸರಿಲ್ಲ.

ಈ ವಾರದ ಫಾರಂನಲ್ಲಿ ನಿಜ ಬರಿ. ಹಿಂದೆ ಸುಳ್ಳು ಉತ್ತರ ಕೊಟ್ಟಿದ್ದರೆ ಮೊದಲು ವಲಸೆ ವಕೀಲರನ್ನು ನೋಡು, ಹೆಚ್ಚಾಗಿ ಬಂದ ಹಣ ವಾಪಸ್ ಕಟ್ಟೋ ಮಾತು ಅವರ ಮೂಲಕವೇ ಆಗಲಿ. ಕೇಸು ಬಂದರೆ ‘ತಪ್ಪೊಪ್ಪಿಗೆಗೆ ಸಹಿ ಹಾಕಿ, ಮುಗಿದುಹೋಗುತ್ತೆ’ ಅಂತ ಯಾರಾದರೂ ಅವಸರ ಮಾಡಿಸ್ತಾರೆ. ಗಡೀಪಾರಿನ ಅಪಾಯವನ್ನು ಕ್ರಿಮಿನಲ್ ವಕೀಲರು ಮೊದಲೇ ತಿಳಿಸಲೇಬೇಕು, 2010ರಲ್ಲಿ ಸುಪ್ರೀಂ ಕೋರ್ಟ್ ಹಾಗಂತ ಹೇಳಿದೆ. ಆ ಕಾಗದದಲ್ಲಿ ನಷ್ಟದ ಮೊತ್ತ ಎಷ್ಟು ಬರೆದಿದೆ ನೋಡದೆ ಪೆನ್ನು ಮುಟ್ಟಬೇಡ.

ವಕೀಲರ ಫೀಸಿಗೆ ದುಡ್ಡು ಸಾಲದಿದ್ದರೆ ಸಂಕೋಚ ಬಿಟ್ಟು ನನಗೆ ಹೇಳು, ನಾನು ಕಳಿಸ್ತೀನಿ. ನಿಮ್ಮಮ್ಮನಿಗೆ ಇದೆಲ್ಲ ಈಗಲೇ ಹೇಳೋದು ಬೇಡ.

ಇಂತಿ,
ನಿನ್ನ ಮಾವ