ಪಾಲಿಗೆ ಬಂದ ಸೇವೆಯೇ ಪಂಚಾಮೃತ

ಮಾನ್ಯ ಸಂಪಾದಕರೇ,

ಧಾರ್ಮಿಕ ಸಂಸ್ಥೆಗಳ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಹಣ, ಆಡಳಿತ, ಆಚರಣೆ ಮತ್ತು ವಿವಾದಗಳ ಸುತ್ತ ತಿರುಗುತ್ತವೆ. ಅವೆಲ್ಲ ಬೇಕಾದವೇ. ಆದರೆ ಆ ಸಂಸ್ಥೆಗಳಲ್ಲಿ ಸಂಬಳವಿಲ್ಲದೆ, ಹೆಸರಿಲ್ಲದೆ ದುಡಿಯುವ ಸೇವಾಕರ್ತರ ಒಳಮನಸ್ಸಿನ ಬಗ್ಗೆ ಬರೆಯುವವರು ವಿರಳ. ಗುಡಿಯಿರಲಿ, ಚರ್ಚಿರಲಿ, ಮಸೀದಿಯಿರಲಿ, ಬಸದಿ, ವಿಹಾರ, ಗುರುದ್ವಾರಗಳಿರಲಿ, ಬಹಳ ಉತ್ಸಾಹದಿಂದ ಬಂದವರು ನಡುದಾರಿಯಲ್ಲೇ ಸೇವೆ ಬಿಟ್ಟು ಹೋಗುವುದಕ್ಕೆ ನಾನು ಕಂಡ ಮಟ್ಟಿಗೆ ದಣಿವಾಗಲಿ, ನಂಬಿಕೆ ಸಡಿಲಗೊಂಡದ್ದಾಗಲಿ ಮುಖ್ಯ ಕಾರಣವಲ್ಲ. ಪಕ್ಕದವರಿಗೆ ಒಲಿದ ಸೇವೆ ತಮಗೆ ಒಲಿಯಲಿಲ್ಲವೆಂಬ ಕೊರಗು ಅವರನ್ನು ಒಳಗೊಳಗೇ ತಿಂದಿರುತ್ತದೆ. ಈ ಕೊರಗನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲವಾದ್ದರಿಂದ ಅದಕ್ಕೆ ಮದ್ದನ್ನೂ ಯಾರೂ ಹುಡುಕುವುದಿಲ್ಲ. ಅದನ್ನು ಕುರಿತು ನಾಲ್ಕು ಮಾತು ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಸಮಾರಂಭದ ಕೊನೆಯಲ್ಲಿ ಮೈಕಿನಲ್ಲಿ ವಂದನಾರ್ಪಣೆ ನಡೆಯುವ ಹೊತ್ತನ್ನು ನೆನೆಸಿಕೊಳ್ಳಿ. ಮುಂದೆ ಕುಳಿತವರಿಗೆ ಅದು ಎದ್ದು ಹೊರಡುವ ಸಮಯ. ಹಿಂಭಾಗದಲ್ಲಿ ಪಾತ್ರೆ ತೊಳೆಯುತ್ತಿರುವವರ ಕೈ ಮಾತ್ರ ಆಗ ನೀರಿನಲ್ಲೇ ಒಂದು ಕ್ಷಣ ನಿಂತುಬಿಡುತ್ತದೆ. ಹೆಸರುಗಳು ಒಂದೊಂದಾಗಿ ಬರುತ್ತವೆ: ಹಣ ಕೊಟ್ಟವರು, ವೇದಿಕೆ ಸಿಂಗರಿಸಿದವರು, ಹಾಡಿದವರು, ಉಪನ್ಯಾಸ ಕೊಟ್ಟವರು. ಕೊನೆಗೆ 'ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ' ಎಂಬ ಒಂದೇ ಮಾತಿನಲ್ಲಿ ಉಳಿದವರೆಲ್ಲರೂ ಮುಗಿದುಹೋಗುತ್ತಾರೆ. ಬೆಳಗಿನಿಂದ ಸಂತೋಷವಾಗಿ ದುಡಿದಿದ್ದವರ ಮುಖ ಆ ಒಂದು ಮಾತಿಗೆ ಬಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಅವರ ದುಡಿಮೆಯಲ್ಲಿ ಏನೂ ಬದಲಾಗಿರುವುದಿಲ್ಲ. ಉಂಡವರ ತೃಪ್ತಿಯೂ ಕಡಿಮೆಯಾಗಿರುವುದಿಲ್ಲ. ಬೇರೆಯವರ ಹೆಸರು ಕೇಳಿಸಿತು, ತಮ್ಮದು ಕೇಳಿಸಲಿಲ್ಲ, ಅಷ್ಟೇ. ಅಷ್ಟಕ್ಕೇ ಇಡೀ ದಿನದ ಆನಂದ ಸೋರಿಹೋಗುತ್ತದೆಂದರೆ, ಆ ಆನಂದ ಯಾವುದರ ಮೇಲೆ ನಿಂತಿತ್ತೆಂದು ಸೇವಾಕರ್ತರಾದ ನಾವು ಕೇಳಿಕೊಳ್ಳಲೇಬೇಕು.

ಬೇರೆ ಕಡೆಯ ಹೊಟ್ಟೆಕಿಚ್ಚಿಗೂ ಸೇವೆಯ ನಡುವೆ ಹುಟ್ಟುವ ಹೊಟ್ಟೆಕಿಚ್ಚಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಅದು ಭಕ್ತಿಯ ವೇಷದಲ್ಲಿಯೇ ಬರುತ್ತದೆ. 'ನನಗೇನೂ ಬೇಡ, ಸಂಸ್ಥೆಯ ಒಳಿತಿಗಾಗಿ ಹೇಳುತ್ತಿದ್ದೇನೆ', 'ಅವರಿಗೆ ಇನ್ನೂ ಪದ್ಧತಿ ತಿಳಿಯದು', 'ಪರಂಪರೆ ಕೆಡಬಾರದು' ಎಂಬ ಮಾತುಗಳು ಎಷ್ಟೋ ಸಲ ನಿಜವೇ ಇರಬಹುದು, ಎಷ್ಟೋ ಸಲ ಅವುಗಳ ಅಡಿಯಲ್ಲಿ ಬೇರೆಯದೇ ಇರುತ್ತದೆ. ಬೈಬಲ್ಲಿನ ಅರಣ್ಯಕಾಂಡದಲ್ಲಿ ಇದಕ್ಕೊಂದು ನಿದರ್ಶನವಿದೆ. ಎಲ್ದಾದ್, ಮೇದಾದ್ ಎಂಬ ಇಬ್ಬರು ಪಾಳೆಯದ ಒಳಗೇ ನಿಂತು ಪ್ರವಾದಿಸತೊಡಗಿದಾಗ, ಅಂದರೆ ದೇವರ ಪ್ರೇರಣೆಯಿಂದ ಮಾತಾಡತೊಡಗಿದಾಗ, ಇಸ್ರಾಯೇಲ್ಯರ ನಾಯಕ ಮೋಶೆಗೆ ಯೌವನದಿಂದಲೂ ಸೇವಕನಾಗಿದ್ದ ಯೆಹೋಶುವ ಅವರನ್ನು ತಡೆಯಬೇಕೆಂದು ಮೋಶೆಯನ್ನು ಕೇಳಿಕೊಳ್ಳುತ್ತಾನೆ. ಯೆಹೋಶುವ ಕೆಟ್ಟವನಲ್ಲ, ತನ್ನ ಗುರುವಿನ ಗೌರವಕ್ಕೆ ಕುಂದು ಬರುತ್ತದೆಂಬ ಕಳವಳ ಅವನದು. ಮೋಶೆ ಮಾತ್ರ ಅದನ್ನು ನೇರವಾಗಿ ಅಸೂಯೆಯೆಂದೇ ಗುರುತಿಸುತ್ತಾನೆ, ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಒಳ್ಳೆಯದಿತ್ತು ಎನ್ನುತ್ತಾನೆ. ತನ್ನ ಕೆಲಸವನ್ನು ಇನ್ನೊಬ್ಬರು ಮಾಡುತ್ತಿದ್ದಾರೆಂದು ಕೇಳಿ ಸಂತೋಷಪಡುವುದಕ್ಕೆ ಎಂಥ ಎದೆ ಬೇಕೆಂಬುದು ಸೇವೆಯಲ್ಲಿ ತೊಡಗಿದವರಿಗೆ ಗೊತ್ತು.

ಅದೇ ಗ್ರಂಥ ಹೇಳುವ ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಇಸ್ರಾಯೇಲ್ಯರು ಪ್ರಯಾಣದಲ್ಲಿ ಆರಾಧನೆಗೆ ಬಳಸುತ್ತಿದ್ದ ದೇವದರ್ಶನದ ಗುಡಾರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಹೊಣೆಯನ್ನು ಲೇವಿ ಕುಲದ ಮೂರು ಮನೆತನಗಳಿಗೆ ಹಂಚಲಾಗಿತ್ತು. ಕೆಹಾತ್ಯರಿಗೆ ಮಂಜೂಷ (ದೇವರ ಆಜ್ಞೆಗಳ ಶಿಲಾಫಲಕಗಳಿದ್ದ ಪೆಟ್ಟಿಗೆ), ದೀಪಸ್ತಂಭ, ಮೇಜು ಮೊದಲಾದ ಪವಿತ್ರ ವಸ್ತುಗಳು. ಅವನ್ನು ಹೆಗಲ ಮೇಲೆಯೇ ಹೊರಬೇಕು, ಅವರಿಗೆ ಬಂಡಿ ಕೊಡಲಿಲ್ಲ. ಗೇರ್ಷೋನ್ಯರಿಗೆ ಪರದೆ, ಹೊದಿಕೆಗಳು ಮತ್ತು 2 ಬಂಡಿ. ಮೆರಾರೀಯರಿಗೆ ಹಲಗೆ, ಕಂಬ, ಗದ್ದಿಗೆಕಲ್ಲು, ಗೂಟ, ಹಗ್ಗಗಳು ಮತ್ತು 4 ಬಂಡಿ. ಗೂಟ, ಹಗ್ಗ ಹೊರುವವರಿಗೂ ಯಾರು ಯಾವುದನ್ನು ಹೊರಬೇಕೆಂದು ಹೆಸರು ಹೇಳಿಯೇ ವಹಿಸಬೇಕೆಂಬ ಕಟ್ಟಳೆಯಿತ್ತು. ಗೂಟವಿಲ್ಲದೆ ಗುಡಾರ ನಿಲ್ಲುವುದಿಲ್ಲವಾದ್ದರಿಂದ ಗೂಟಕ್ಕೂ ಒಬ್ಬ ಹೊಣೆಗಾರನಿದ್ದ. ಇಷ್ಟೆಲ್ಲ ಇದ್ದೂ ಬಂಡಾಯವೆದ್ದವನು ಯಾರು? ಗೂಟ ಹೊತ್ತವರಲ್ಲ. ಎಲ್ಲರಿಗಿಂತ ಪವಿತ್ರವಾದ ಭಾರ ಹೊರುವ ಕೆಹಾತ್ಯರ ಮನೆತನದ ಕೋರಹ. ಅವನಿಗೆ ಯಾಜಕತ್ವವೂ, ಅಂದರೆ ಪುರೋಹಿತನ ಪದವಿಯೂ, ಬೇಕಾಗಿತ್ತು. ಈಗಾಗಲೇ ದೊರೆತಿರುವ ಸೇವೆ ನಿನಗೆ ಅಲ್ಪವೆನಿಸಿತೇ ಎಂಬುದೇ ಅವನಿಗೆ ಮೋಶೆ ಹಾಕಿದ ಪ್ರಶ್ನೆ. ದೊಡ್ಡ ಸೇವೆ ಸಿಕ್ಕರೆ ಅಸೂಯೆ ತಾನಾಗಿ ಅಡಗುತ್ತದೆಂದು ನಂಬಿಕೊಂಡವರು ಕೋರಹನ ಕಥೆಯನ್ನು ಮತ್ತೊಮ್ಮೆ ಓದಬೇಕು. ಹೋಲಿಕೆಯ ಚಾಳಿ ಬಿದ್ದ ಮನಸ್ಸು ಎಷ್ಟು ಮೇಲೇರಿದರೂ ಅಲ್ಲಿಂದ ಮೇಲಿನದನ್ನೇ ನೋಡುತ್ತದೆ.

ಹಾಗಾದರೆ ತೃಪ್ತಿ ಎಲ್ಲಿಂದ ಬರಬೇಕು? ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 22ನೆಯ ಶ್ಲೋಕ ತಾನಾಗಿ ದೊರೆತದ್ದರಲ್ಲಿ ಸಂತುಷ್ಟನಾದವನನ್ನೂ ಮಾತ್ಸರ್ಯವಿಲ್ಲದವನನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡೂ ಒಟ್ಟಿಗೆ ಬಂದಿರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಬಂದದ್ದರಲ್ಲಿ ತುಂಬಿಕೊಂಡವನಿಗೆ ಬೇರೆಯವರ ತಟ್ಟೆಯ ಕಡೆ ನೋಡಲು ಬಿಡುವಿರುವುದಿಲ್ಲ. ಪತಂಜಲಿ ಯೋಗಸೂತ್ರ ಇನ್ನೂ ಸೂಕ್ಷ್ಮವಾಗಿ ಹೇಳುತ್ತದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ, ಪಾಪಿಗಳಲ್ಲಿ ಉಪೇಕ್ಷೆ, ಈ ನಾಲ್ಕು ಭಾವನೆಗಳಿಂದ ಚಿತ್ತ ತಿಳಿಯಾಗುತ್ತದೆ. ಪುಣ್ಯದ ಕೆಲಸ ಮಾಡುವವರನ್ನು ಕಂಡು ಹಿಗ್ಗುವುದನ್ನೂ ಸಾಧನೆಯೆಂದು ಎಣಿಸಿ, ಅಭ್ಯಾಸ ಮಾಡಬೇಕಾದ ಸಂಗತಿಗಳ ಸಾಲಿನಲ್ಲಿ ಇಟ್ಟಿರುವುದನ್ನು ಗಮನಿಸಬೇಕು. ಬೌದ್ಧರು ಬ್ರಹ್ಮವಿಹಾರಗಳೆಂದು ಕರೆಯುವ ನಾಲ್ಕು ಉದಾತ್ತ ಮನೋಭಾವಗಳಲ್ಲಿಯೂ ಮುದಿತೆಗೆ ಸ್ಥಾನವಿದೆ. ಹಿಗ್ಗು ತಾನಾಗಿ ಉಕ್ಕದಿದ್ದರೂ ಪ್ರಯತ್ನದಿಂದ ತಂದುಕೊಳ್ಳಬಹುದು, ರೂಢಿಯಾದ ಮೇಲೆ ಅದು ನಮ್ಮದೇ ಆಗುತ್ತದೆ. ಇನ್ನೊಬ್ಬರು ಚೆನ್ನಾಗಿ ಹಾಡಿದಾಗ ಆ ಕ್ಷಣದಲ್ಲೇ ಹತ್ತಿರ ಹೋಗಿ ಹೇಳುವುದು, ಮನೆಗೆ ಬಂದ ಮೇಲೆ ಪ್ರಾರ್ಥನೆಯಲ್ಲಿ ಅವರ ಹೆಸರನ್ನು ಸೇರಿಸಿಕೊಳ್ಳುವುದು, ಇಷ್ಟರಿಂದಲೇ ಇದನ್ನು ಆರಂಭಿಸಬಹುದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಈ ತೃಪ್ತಿಯನ್ನು ಬದುಕಿ ತೋರಿಸಿದವರು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯ ಮೀರಿದ್ದು ಆಸೆಯಾಗುತ್ತದೆಂದು ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳೆಂಬುದು ಪ್ರಸಿದ್ಧವಾದ ಪ್ರಸಂಗ. ದಾಸೋಹದ ಹೆಸರಿನಲ್ಲಿ ಹೆಚ್ಚು ತಂದರೆ ತಪ್ಪೇನೆಂದು ನಾವಾದರೆ ವಾದಿಸುತ್ತಿದ್ದೆವು. ಧರ್ಮದ ಕೆಲಸಕ್ಕಾಗಿ ಪಡುವ ಆಸೆಯೂ ಆಸೆಯೇ ಎಂದು ಲಕ್ಕಮ್ಮ ಕಂಡಳು. ತನ್ನ ದಾಸೋಹವನ್ನು ಇನ್ನೊಬ್ಬರ ದೊಡ್ಡ ದಾಸೋಹದ ಪಕ್ಕದಲ್ಲಿಟ್ಟು ಅಳೆಯುವ ಯೋಚನೆ ಆಕೆಗೆ ಬರಲಿಲ್ಲ.

ಮಾಡುವ ಕೆಲಸ ಮನಸ್ಸಿಗೆ ಹಿಡಿಸದಿದ್ದರೆ ಆನಂದ ಹೇಗೆ ಸಾಧ್ಯವೆಂದು ಕೇಳುವವರೂ ಇದ್ದಾರೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲೈಟ್ ಎಂಬ ಕ್ರೈಸ್ತ ಸಂನ್ಯಾಸಿ ಪಂಥದ ಮಠದಲ್ಲಿದ್ದ ಬ್ರದರ್ ಲಾರೆನ್ಸ್ ಅವರಿಗೆ ಅಡುಗೆಮನೆಯ ಕೆಲಸ ಸ್ವಭಾವತಃ ಇಷ್ಟವಿರಲಿಲ್ಲ. ಆದರೂ ವರ್ಷಗಟ್ಟಲೆ ಅದನ್ನೇ ಮಾಡಿದರು, ಆಮೇಲೆ ಮಠದವರ ಪಾದರಕ್ಷೆಗಳನ್ನು ದುರಸ್ತಿ ಮಾಡುವ ಕೆಲಸಕ್ಕೆ ಬಂದರು. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿದ್ದೇನೆಂಬ ಅರಿವನ್ನು ಉಳಿಸಿಕೊಳ್ಳುವುದೇ ಅವರ ಸಾಧನೆಯಾಗಿತ್ತು. 1691ರಲ್ಲಿ ತೀರಿಕೊಂಡ ಅವರನ್ನು ಇಂದಿಗೂ ಜನ ನೆನೆಯುವುದು ಆ ಅಡುಗೆಮನೆಯ ಸಾಧನೆಗಾಗಿಯೇ.

ಇಸ್ಲಾಮಿನ ಹದೀಸುಗಳಲ್ಲಿ, ಅಂದರೆ ಪ್ರವಾದಿಗಳ ನಡೆನುಡಿಗಳ ಸಂಗ್ರಹಗಳಲ್ಲಿ, ನನ್ನ ಮನಸ್ಸನ್ನು ಬಹಳ ತಟ್ಟಿದ ಎರಡು ಪ್ರಸಂಗಗಳಿವೆ. ಬಡವರಾದ ಅನುಯಾಯಿಗಳು ಪ್ರವಾದಿ ಮುಹಮ್ಮದರ ಬಳಿ ಬಂದು, ಶ್ರೀಮಂತರು ನಮ್ಮಂತೆಯೇ ನಮಾಝ್ ಮಾಡುತ್ತಾರೆ, ನಮ್ಮಂತೆಯೇ ಉಪವಾಸ ಮಾಡುತ್ತಾರೆ, ಅದರ ಮೇಲೆ ದಾನವನ್ನೂ ಮಾಡುತ್ತಾರೆ, ನಾವು ಹಿಂದೆ ಉಳಿದೆವು ಎಂದು ಅಳಲು ತೋಡಿಕೊಂಡರು. ಪ್ರವಾದಿಗಳು ಅವರಿಗೆ ಪ್ರತಿ ನಮಾಝಿನ ನಂತರ ದೇವಸ್ತುತಿಯ ಪಠಣವನ್ನು ಕಲಿಸಿದರು. ಶ್ರೀಮಂತರೂ ಅದನ್ನು ಕೇಳಿ ಪಠಿಸತೊಡಗಿದಾಗ ಬಡವರು ಮತ್ತೆ ಬಂದರು. ಅದು ದೇವರ ಅನುಗ್ರಹ, ಅವನಿಗೆ ಇಷ್ಟವಾದವರಿಗೆ ಕೊಡುತ್ತಾನೆ ಎಂಬ ಉತ್ತರ ದೊರೆಯಿತು. ಮಾಡುವ ಕೆಲಸ ಕೈಯಲ್ಲಿರುವಾಗ ಪಕ್ಕದವನಿಗೂ ಅದೇ ಕೆಲಸ ಸಿಕ್ಕಿತೆಂದು ಕೊರಗುವುದೇಕೆಂಬುದು ಆ ಉತ್ತರದಲ್ಲಿ ನನಗೆ ಕೇಳಿಸುವ ಪ್ರಶ್ನೆ. ಇನ್ನೊಂದು, ಮಸೀದಿಯನ್ನು ಗುಡಿಸುತ್ತಿದ್ದ ಮಹಿಳೆಯೊಬ್ಬಳ ಪ್ರಸಂಗ. ಆಕೆ ತೀರಿಕೊಂಡಾಗ ಜನ ಅದನ್ನು ದೊಡ್ಡ ವಿಷಯವೆಂದು ಎಣಿಸದೆ ಪ್ರವಾದಿಗಳಿಗೆ ತಿಳಿಸಲಿಲ್ಲ. ಆಕೆ ಕಾಣದಿದ್ದಾಗ ವಿಚಾರಿಸಿದ ಅವರು, ನನಗೇಕೆ ತಿಳಿಸಲಿಲ್ಲವೆಂದು ಕೇಳಿ, ಸಮಾಧಿಯ ಬಳಿಗೆ ಹೋಗಿ ಪ್ರಾರ್ಥನೆ ಸಲ್ಲಿಸಿದರು. ಎಲ್ಲರ ಕಣ್ಣಿಗೂ ಸಣ್ಣದಾಗಿ ಕಂಡ ಸೇವೆಯನ್ನು ಗಮನಿಸಬೇಕಾದವರು ಗಮನಿಸಿದ್ದರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಪತ್ರ ಅನ್ಯಾಯಕ್ಕೆ ಒದಗಿಬಿಡಬಹುದು. ತೃಪ್ತಿಯ ಮಾತನ್ನು ಮೇಲಿನವರು ಕೆಳಗಿನವರ ಬಾಯಿ ಮುಚ್ಚಿಸಲು ಬಳಸಿದ್ದುಂಟು. ಹುಟ್ಟಿನ ಕಾರಣಕ್ಕೆ ಒಬ್ಬರನ್ನು ಸದಾ ಗುಡಿಸುವುದಕ್ಕೇ ಹಚ್ಚಿ, ಹೆಂಗಸೆಂಬ ಕಾರಣಕ್ಕೆ ಇನ್ನೊಬ್ಬರನ್ನು ಸದಾ ಒಲೆಯ ಮುಂದೆಯೇ ಕೂರಿಸಿ, ನಿಮ್ಮ ಪಾಲಿಗೆ ಬಂದದ್ದರಲ್ಲಿ ಸಂತೋಷಪಡಿ ಎಂದು ಉಪದೇಶಿಸುವುದು ಧರ್ಮವಲ್ಲ. ಬಾಗಿಲು ಮುಚ್ಚಿರುವುದನ್ನು ಕಂಡು ತೆರೆಯಿರಿ ಎಂದು ಕೇಳುವವರಲ್ಲಿ ಅಸೂಯೆಯಿದೆಯೆಂದು ಆರೋಪಿಸುವುದು ಸುಲಭ, ಅಷ್ಟೇ ತಪ್ಪು. ನನಗೆ ತಿಳಿದ ಮಟ್ಟಿಗೆ ಎರಡನ್ನೂ ಬೇರ್ಪಡಿಸುವ ಗುರುತು ಸ್ಪಷ್ಟವಾಗಿದೆ: ನ್ಯಾಯ ಕೇಳುವವರು ತಮಗೂ ಅವಕಾಶ ಸಿಗಲಿ ಎನ್ನುತ್ತಾರೆ, ಅಸೂಯೆಪಡುವವರು ಇನ್ನೊಬ್ಬರ ಅವಕಾಶ ತಪ್ಪಲಿ ಎನ್ನುತ್ತಾರೆ.

ಆದ್ದರಿಂದ ಸಂಸ್ಥೆಗಳನ್ನು ನಡೆಸುವವರ ಹೊಣೆಯೂ ಸಣ್ಣದಲ್ಲ. ಕಲಿಯಲು ಇಷ್ಟವಿರುವವರಿಗೆ ಸರದಿಯ ಮೇಲೆ ಬೇರೆ ಬೇರೆ ಸೇವೆಗಳನ್ನು ಕೊಡುವುದು, ಕೊಟ್ಟ ದುಡ್ಡಿನ ಮೊತ್ತಕ್ಕೆ ತಕ್ಕಂತೆ ಮುಂದಿನ ಸಾಲನ್ನು ಹಂಚದಿರುವುದು, ಕಾಣದ ಕೆಲಸ ಮಾಡುವವರ ಬಳಿಗೆ ತಾವೇ ಹೋಗಿ ಕ್ಷೇಮ ವಿಚಾರಿಸುವುದು, ಇವಕ್ಕೆ ಖರ್ಚಿಲ್ಲ. ಮಾತ್ಸರ್ಯ ಪ್ರತಿಯೊಬ್ಬರೂ ತಮ್ಮೊಳಗೆ ಗೆಲ್ಲಬೇಕಾದ ವೈರಿ, ನಿಜ. ಆದರೆ ಅದಕ್ಕೆ ದಿನವೂ ಸೌದೆ ಒಟ್ಟುವ ವ್ಯವಸ್ಥೆಯನ್ನು ಕಟ್ಟಿಟ್ಟು, ಸೇವಾಕರ್ತರಲ್ಲಿ ಒಗ್ಗಟ್ಟಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಕೊನೆಯದಾಗಿ ವಯಸ್ಸಾದ ಸೇವಾಕರ್ತರ ಬಗ್ಗೆ ಒಂದು ಮಾತು. ಅವರನ್ನು ಕಾಡುವುದು ಬೇರೆ ಬಗೆಯ ಅಸೂಯೆ. ಒಂದು ಕಾಲದಲ್ಲಿ ತಾವೇ ಹೊತ್ತ ಭಾರವನ್ನು ಇಂದು ಯುವಕರು ಸಲೀಸಾಗಿ ಹೊರುವುದನ್ನು ನೋಡುತ್ತಾ ಮೂಲೆಯ ಕುರ್ಚಿಯಲ್ಲಿ ಕೂರಬೇಕಾದಾಗ, ಅವರು ಹೋಲಿಸಿಕೊಳ್ಳುವುದು ಯುವಕರೊಂದಿಗೆ ಮಾತ್ರವಲ್ಲ, ತಮ್ಮದೇ ಕಳೆದ ದಿನಗಳೊಂದಿಗೂ. ನಾನು ಬಲ್ಲ ಹಿರಿಯರೊಬ್ಬರು ಮೊಣಕಾಲು ನೋವಿನಿಂದ ಓಡಾಟದ ಸೇವೆಗಳನ್ನೆಲ್ಲ ಬಿಡಬೇಕಾಯಿತು. ಈಗ ಅವರು ಬಾಗಿಲ ಬಳಿ ಕುಳಿತು ಹರಿದ ಪ್ರಾರ್ಥನಾ ಪುಸ್ತಕಗಳ ಬೆನ್ನಿಗೆ ಕಾಗದ ಅಂಟಿಸುತ್ತಾರೆ. ಬಂದ ಮಕ್ಕಳಿಗೆ ಅಂಟು ಒಣಗುವವರೆಗೆ ಪುಸ್ತಕವನ್ನು ಒತ್ತಿ ಹಿಡಿಯುವ ಕೆಲಸ ಕೊಡುತ್ತಾರೆ, ಹಿಡಿದಿರುವಷ್ಟು ಹೊತ್ತು ಅದರೊಳಗಿನ ಒಂದು ಪ್ರಾರ್ಥನೆಯನ್ನು ಹೇಳಿಕೊಡುತ್ತಾರೆ. ಅವರ ಮುಖದಲ್ಲಿರುವ ಗೆಲುವನ್ನು ವೇದಿಕೆಯ ಮೇಲಿರುವವರ ಮುಖದಲ್ಲೂ ನಾನು ಹೆಚ್ಚಾಗಿ ಕಂಡಿಲ್ಲ. ನಾನು ಮೇಲೆ ಹೇಳಿದ ಲೇವಿಯರಿಗೂ 50 ವರ್ಷವಾದ ಮೇಲೆ ಭಾರದ ಕೆಲಸದಿಂದ ಬಿಡುಗಡೆಯಿತ್ತು, ಆದರೆ ತಮ್ಮ ಸಹೋದರರಿಗೆ ನೆರವಾಗುವ ಅವಕಾಶ ಉಳಿದೇ ಇತ್ತು. ಇಂದಿನ ಸಂಸ್ಥೆಗಳೂ ಹಿರಿಯರಿಗೆ ಸನ್ಮಾನ ಮಾಡಿ, ಶಾಲು ಹೊದಿಸಿ ಮನೆಗೆ ಕಳಿಸುವ ಬದಲು, ಅವರ ಶಕ್ತಿಗೆ ಹೊಂದುವ ಒಂದು ಕೆಲಸವನ್ನೂ ಕಲಿಯಲು ಬಂದ ಒಬ್ಬ ಹೊಸಬನನ್ನೂ ಅವರಿಗೆ ಒಪ್ಪಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸೇವಾಕರ್ತ