ರಸ್ತೆಬದಿಯ ಆ ವೀರಗಲ್ಲು ಅಲ್ಲಿಯೇ ಇರಲಿ

ಪ್ರಿಯ ಗೆಳೆಯ,

ನಿನ್ನ ಪತ್ರವೂ ಅದರ ಜೊತೆಗಿದ್ದ ಚಿತ್ರಗಳೂ ತಲುಪಿದವು. ರಸ್ತೆ ಅಗಲ ಮಾಡುವ ಕೆಲಸ ಕೆರೆ ಏರಿಯ ತನಕ ಬಂದಿರುವುದರಿಂದ, ಅಲ್ಲಿ ಅರ್ಧ ಹೂತುಹೋಗಿರುವ ವೀರಗಲ್ಲನ್ನು ಎಬ್ಬಿಸಿ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಬಹುದೇ, ಅದರ ಪಕ್ಕದಲ್ಲಿ ಫಲಕ ಹಾಕಿದರೆ ಏನು ಬರೆಸಬೇಕು ಎಂದು ಕೇಳಿದ್ದೀಯೆ. ಕಲ್ಲು ಸಾಧ್ಯವಾದಷ್ಟು ಮಟ್ಟಿಗೆ ಇದ್ದಲ್ಲಿಯೇ ಇರಲಿ, ಫಲಕವನ್ನು ಮಾತ್ರ ಖಂಡಿತ ಬರೆಸು ಎಂಬುದು ನನ್ನ ಉತ್ತರ.

ವೀರಗಲ್ಲೇ ನಮ್ಮ ಹಿರಿಯರು ನೆಟ್ಟ ಫಲಕ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ಅವನು, ತುದಿಯಲ್ಲಿ ಸೂರ್ಯಚಂದ್ರರು: ಓದು ಬಾರದವರಿಗೂ ನಡೆದದ್ದು ತಿಳಿಯುವಂತೆ ಕಡೆದಿರುತ್ತಾರೆ. ನೀನು ಕಳುಹಿಸಿದ ಎರಡನೆಯ ಚಿತ್ರದಲ್ಲಿ ವೀರನ ಬೆನ್ನ ಹಿಂದೆ ಹಸುಗಳ ಸಾಲು ಸ್ಪಷ್ಟವಾಗಿದೆ. ಅದು ತುರುಗೋಳಿನ ಕಲ್ಲು. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನದು. ನಿಮ್ಮೂರಿನವರು ಅದನ್ನು ಯಾವುದಾದರೂ ಪ್ರಸಿದ್ಧ ಅರಸನ ಮಹಾಯುದ್ಧಕ್ಕೆ ಜೋಡಿಸಿ ಬರೆಸಲು ಬಯಸಬಹುದು. ದಯವಿಟ್ಟು ಒಪ್ಪಬೇಡ. ದನಗಳಿಗಾಗಿ ಪ್ರಾಣ ಕೊಟ್ಟವನ ಹೆಸರನ್ನು ಊರು ಕಲ್ಲಿನಲ್ಲಿ ಉಳಿಸಿತು ಎಂಬುದು ಅದಕ್ಕಿಂತ ಕಡಿಮೆಯ ಸಂಗತಿಯಲ್ಲ.

ಇಂಥ ಕಲ್ಲಿನ ಒಂದೇ ಸಾಲು ಎಷ್ಟು ತೂಕದ್ದಾಗಬಲ್ಲದು ಎನ್ನುವುದಕ್ಕೆ ಬೆಂಗಳೂರಿನ ಬೇಗೂರನ್ನು ನೋಡು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು ಕ್ರಿ.ಶ. 890ರ ವೀರಗಲ್ಲೊಂದರ ಮೇಲೆ, ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ‘ಬೆಂಗುಳೂರ ಕಾಳೆಗ’ದಲ್ಲಿ ಸತ್ತನೆಂದು ಬರೆದಿದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಹೆಸರು ಬಂತೆಂಬ ಕಥೆ ಎಷ್ಟೇ ಇಂಪಾಗಿದ್ದರೂ, ಆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಹೆಸರು ಬಳಕೆಯಲ್ಲಿತ್ತೆಂದು ಈ ಕಲ್ಲು ಹೇಳುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲೂ ಹೀಗೆಯೇ. ಗಂಗ ದೊರೆ ಶ್ರೀಪುರುಷನ ಕಾಲದ ಆ ಬರಹದಲ್ಲಿ ‘ಪೆರ್ಬೊಳಲ್ನಾಡು’ ಎಂಬ ಹೆಸರಿದೆ. ಅದೇ ಸವೆದು ಹೆಬ್ಬಾಳವಾಗಿದೆ. ಕಲ್ಲಿಗೆ ಅದೇ ಊರಿನಲ್ಲಿ ಈಗ ಮಂಟಪವೂ ಆಗಿದೆ. ಅದು ಎಲ್ಲೋ ದೂರದ ಉಗ್ರಾಣಕ್ಕೆ ಸೇರಿದ್ದರೆ, ದಿನವೂ ಆ ಹೆಸರನ್ನು ಉಚ್ಚರಿಸುವ ಜನರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ.

ಸ್ಥಳಾಂತರವೇ ತಪ್ಪೆಂದು ನಾನು ಹೇಳುತ್ತಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ 949ರ ತಕ್ಕೋಲದ ಕದನದಲ್ಲಿ ಮೆರೆದ ಮಣಲೆರನು ತನ್ನ ಒಡೆಯನಾದ ಗಂಗ ದೊರೆ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದದ್ದು, ಆ ನಾಯಿ ದೊಡ್ಡ ಹಂದಿಯೊಂದಿಗೆ ಕಾದಿ ಎರಡೂ ಸತ್ತದ್ದು, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟದ್ದು ಎಲ್ಲವೂ ಅದರಲ್ಲಿದೆ. ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಅದರ ಇನ್ನೊಂದು ಮಾತು: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ. ಕಲ್ಲು ನೆಟ್ಟವರು ಅದರ ಪಾಲನೆಯ ಹೊಣೆ ಯಾರದೆಂಬುದನ್ನೂ ಅದರ ಮೇಲೆಯೇ ಕೊರೆಸಿದ್ದರು. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯ ಭೂಮಿ ಕೊಡುತ್ತಿದ್ದ ಪದ್ಧತಿಯೂ ಇತ್ತಲ್ಲವೇ? ನಮ್ಮ ಕಾಲದ ಫಲಕಗಳು ಉದ್ಘಾಟನೆಯ ಮರುದಿನವೇ ಅನಾಥವಾಗುವುದನ್ನು ಕಂಡಾಗ ಇದು ನೆನಪಾಗುತ್ತದೆ.

ಹಲ್ಮಿಡಿಯವರು ಮತ್ತೊಂದು ದಾರಿ ಕಂಡುಕೊಂಡರು. ಸುಮಾರು ಕ್ರಿ.ಶ. 450ರ ಮೂಲ ಶಾಸನ ಮೈಸೂರಿನಲ್ಲಿದ್ದರೂ ಊರಿನಲ್ಲಿ ಅದರ ಪ್ರತಿಕೃತಿ ನಿಂತಿದೆ. ನಿಮ್ಮ ರಸ್ತೆಯ ಕೆಲಸದವರು ಯಾವ ರೀತಿಯಲ್ಲೂ ಜಾಗ ಬಿಡದಿದ್ದರೆ, ಕಲ್ಲನ್ನು ಕೆಲವೇ ಅಡಿ ಸರಿಸಿ, ಅದು ಮೊದಲು ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನು ಅಳತೆಯೊಡನೆ ಫಲಕದಲ್ಲಿ ಬರೆಸು.

ಫಲಕದ ಬರಹದ ವಿಷಯದಲ್ಲಿ ನನಗೊಂದು ಹಳೆಯ ನೋವಿದೆ. ಎಷ್ಟೋ ಸ್ಮಾರಕಗಳ ಮುಂದೆ, 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಮಾತ್ರ ಇರುತ್ತದೆ. ಒಳಗಿರುವುದು ಏನು, ಯಾಕೆ ಅದನ್ನು ಉಳಿಸಬೇಕು ಎಂಬ ಒಂದು ವಾಕ್ಯವೂ ಇರುವುದಿಲ್ಲ. ಯಾರ ಹೆಸರು ಉಳಿಯುತ್ತದೆ ಎಂಬುದೂ ಮುಖ್ಯ. ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು ಕೋಟೆ ಒಡೆದ ಕಡೆ, 1907ರಲ್ಲಿ ನಿಲ್ಲಿಸಿದ ಸ್ತಂಭದ ಮೇಲೆ ಮಡಿದ ಬ್ರಿಟಿಷ್ ಅಧಿಕಾರಿಗಳ ಹೆಸರುಗಳಿವೆ. ಅದೇ ಗೋಡೆಯನ್ನು ಕಾಯುತ್ತಾ ಬಿದ್ದ ಟಿಪ್ಪುವಿನ ಸಿಪಾಯಿಗಳನ್ನು ಹೆಸರು ಹಿಡಿದು ಕರೆಯುವ ಕಲ್ಲು ಅಲ್ಲಿಲ್ಲ. ಅಲ್ಲಿ ನಿಂತಾಗ, ಹತ್ತು ಹಸುಗಳ ಹಿಂದೆ ಓಡಿದವನ ಹೆಸರನ್ನೂ ಬಿಡದ ನಿಮ್ಮೂರಿನ ಶಿಲ್ಪಿಯ ಮೇಲೆ ನನ್ನ ಗೌರವ ಹೆಚ್ಚಾಯಿತು.

ಆದ್ದರಿಂದ ಮೊದಲು ಓದಿಸು, ಆಮೇಲೆ ಬರೆಸು. ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದ್ದಾರೆ. ನಿಮ್ಮ ಕಲ್ಲು ಈಗಾಗಲೇ ಅಲ್ಲಿರಬಹುದು. ಇಲ್ಲದಿದ್ದರೆ ಬಲ್ಲವರಿಂದ ಕಾಗದದ ಮೇಲೆ ಮಸಿಯಚ್ಚು ತೆಗೆಸು. ಅಕ್ಷರ ಎದ್ದು ಕಾಣಲೆಂದು ಬಣ್ಣ ತುಂಬಲು, ಎಣ್ಣೆ ಹಚ್ಚಲು, ತಂತಿಯ ಬ್ರಷ್ಷಿನಿಂದ ಉಜ್ಜಲು ಯಾರಿಗೂ ಬಿಡಬೇಡ. ಫಲಕದಲ್ಲಿ ಮೂಲ ಪಾಠ, ಇಂದಿನ ಕನ್ನಡದ ಅರ್ಥ, ಕಾಲ, ಸ್ಥಳ ಇಷ್ಟೇ ಸಾಕು.

ನಾಲ್ಕನೆಯ ಚಿತ್ರದ ಮೂರನೆಯ ಸಾಲಿನ ಕೊನೆಯಲ್ಲಿ ಒಂದು ಊರಿನ ಹೆಸರು ಇರುವಂತೆ ನನಗೆ ಕಾಣುತ್ತಿದೆ, ಆದರೆ ಕೊನೆಯ ಅಕ್ಷರ ಮಣ್ಣಿನಲ್ಲಿದೆ. ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಒರೆಸಿ, ಸಂಜೆಯ ಓರೆ ಬಿಸಿಲಿನಲ್ಲಿ ಇನ್ನೊಂದು ಚಿತ್ರ ತೆಗೆದು ಕಳುಹಿಸು.

ಇಂತಿ ನಿನ್ನ ಗೆಳೆಯ