ವಾಸ್ಡೇಲ್ ಹೆಡ್‌ನ ಕಲ್ಲುಗೋಡೆಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ಇಂಗ್ಲೆಂಡಿನಲ್ಲಿ ನಿನಗೆ ತುಂಬ ಹಿಡಿಸಿದ ಊರು ಯಾವುದು ಎಂದು ಕೇಳಿದ್ದೆಯಲ್ಲ. ಊರು ಅನ್ನುವುದಕ್ಕೂ ಸಾಲದಷ್ಟು ಸಣ್ಣ ಜಾಗ ಕಣೋ ಅದು. ವಾಯವ್ಯ ಇಂಗ್ಲೆಂಡಿನ ಬೆಟ್ಟ-ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್‌ನ ವಾಸ್ಡೇಲ್ ಹೆಡ್. ಕುರಿ ಸಾಕುವವರ ನಾಲ್ಕಾರು ಮನೆ, ಒಂದು ಹಳೇ ಹೋಟೆಲು, ಒಂದು ಚರ್ಚು, ಸುತ್ತ ಬೆಟ್ಟ. ಕಾರು ಹೋಗುವ ರಸ್ತೆ ಅಲ್ಲಿಗೇ ಮುಗಿಯುತ್ತದೆ. ಮುಂದಕ್ಕೆ ಹೋಗಬೇಕೆಂದರೆ ಕಾಲ್ನಡಿಗೆಯೇ ಗತಿ.

ದಾರಿ ಸಾಗುವುದು ವಾಸ್ಟ್‌ವಾಟರ್ ಸರೋವರದ ಅಂಚಿನಲ್ಲಿ. ಆಳ 79 ಮೀಟರ್, ಇಂಗ್ಲೆಂಡಿನಲ್ಲಿ ಇಷ್ಟು ಆಳದ ಸರೋವರ ಇನ್ನೊಂದಿಲ್ಲ. ಊರಿಗೆ ತಾಗಿಕೊಂಡೇ ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್, 978 ಮೀಟರ್. ಬಂದವರು ಹೆಚ್ಚಾಗಿ ಇವೆರಡರ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ನಾನಾದರೆ ನಿನಗೆ ಮೊದಲು ತೋರಿಸುವುದು ಹೊಲದ ಗೋಡೆಗಳನ್ನು.

ಆ ಕಣಿವೆಯ ನೆಲದ ತುಂಬ ಗುಂಡುಕಲ್ಲು. ಹುಲ್ಲು ಬೆಳೆಸಬೇಕಾದರೂ ಮೊದಲು ಕಲ್ಲು ಆರಿಸಬೇಕು. ಆರಿಸಿದ್ದನ್ನು ಎಲ್ಲಿ ಹಾಕುವುದು? ಗೋಡೆ ಕಟ್ಟಿದರು. ಗಾರೆ ಇಲ್ಲ, ಏನಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದ್ದು. ಹೊಲಕ್ಕೆ ಬೇಕಾದಷ್ಟು ಗೋಡೆ ಎದ್ದ ಮೇಲೂ ಕಲ್ಲು ಮುಗಿಯಲಿಲ್ಲ. ಗೋಡೆಯನ್ನೇ ದಪ್ಪ ಮಾಡುತ್ತ ಹೋದರು, ಆಮೇಲೂ ಉಳಿದಿದ್ದನ್ನು ಹೊಲದಲ್ಲೇ ಗುಡ್ಡೆ ಹಾಕಿದರು. ಬೆಟ್ಟ ಹತ್ತಿ ತಿರುಗಿ ನೋಡಿದರೆ ಹಸಿರಿನ ಮೇಲೆ ಮೀನಿನ ಬಲೆ ಹರವಿದಂತೆ ಕಾಣುತ್ತದೆ. ಎಷ್ಟು ತಲೆಮಾರಿನ ರೈತರ ಬೆನ್ನು ಸವೆದಿದೆಯೋ! ಒಬ್ಬರ ಹೆಸರೂ ಎಲ್ಲೂ ಕೆತ್ತಿಲ್ಲ. ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಸ್ಮಾರಕ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಚರ್ಚು. ಸೇಂಟ್ ಓಲಾಫ್ ಅಂತ, ಯೂ ಮರಗಳ ನಡುವೆ ಅಡಗಿ ಕೂತಿದೆ, ಇಂಗ್ಲೆಂಡಿನ ಅತಿ ಚಿಕ್ಕ ಚರ್ಚುಗಳಲ್ಲಿ ಒಂದು. ಮಾಡಿನ ತೊಲೆಗಳು ವೈಕಿಂಗರ ಹಡಗಿನವು ಎಂಬ ಪ್ರತೀತಿ ಇದೆ. ನೀನು ಹುಡುಕಿ ನೋಡಬೇಕಾದ್ದು ಅಲ್ಲಿನ ಕಿಟಕಿಯೊಂದರ ಸಣ್ಣ ಗಾಜನ್ನು. ಬೆಟ್ಟಗಳತ್ತ ಕಣ್ಣೆತ್ತುತ್ತೇನೆ ಎನ್ನುವ ಬೈಬಲ್ಲಿನ ಕೀರ್ತನೆಯ ಸಾಲು, ಜೊತೆಗೆ ನೇಪ್ಸ್ ನೀಡಲ್ ಎಂಬ ಕಡಿದಾದ ಬಂಡೆಯ ಚಿತ್ರವನ್ನು ಅದರಲ್ಲಿ ಕೊರೆದಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಪರ್ವತಾರೋಹಿಗಳ ನೆನಪಿಗೆ ಮಾಡಿದ್ದು. ಆ ಬಂಡೆ ಪಕ್ಕದ ಗ್ರೇಟ್ ಗೇಬಲ್ ಬೆಟ್ಟದಲ್ಲಿದೆ. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಅದನ್ನು ಒಬ್ಬನೇ ಹತ್ತಿದ. ಬ್ರಿಟನ್ನಿನಲ್ಲಿ ಬಂಡೆ ಹತ್ತುವುದು ಒಂದು ಕ್ರೀಡೆಯಾಗಿ ಬೆಳೆದದ್ದು ಅಲ್ಲಿಂದಾಚೆಗೆ ಎನ್ನುತ್ತಾರೆ. ಐವತ್ತು ವರ್ಷ ಕಳೆದು, ಮುದುಕನಾದ ಮೇಲೆ ಬಂದು ಅದನ್ನೇ ಮತ್ತೆ ಹತ್ತಿದನಂತೆ! ಅದೇ ಬೆಟ್ಟಗಳಲ್ಲಿ ಬಿದ್ದು ಸತ್ತವರ ಸಮಾಧಿಗಳೂ ಈ ಚರ್ಚಿನ ಅಂಗಳದಲ್ಲಿವೆ.

ಇಷ್ಟಾದರೂ ಇಪ್ಪತ್ತನೇ ಶತಮಾನ ಬರುವವರೆಗೆ ಊರಿನವರನ್ನೇ ಅಲ್ಲಿ ಹೂಳುವಂತಿರಲಿಲ್ಲ. ಯಾರಾದರೂ ತೀರಿಕೊಂಡರೆ ಶವವನ್ನು ಕುದುರೆಯ ಮೇಲೆ ಹೇರಿ, ಬರ್ನ್‌ಮೂರ್ ಎಂಬ ಬಯಲು ದಾಟಿಸಿ, ಆಚೆ ಕಣಿವೆಯ ಬೂಟ್ ಹಳ್ಳಿಯ ಚರ್ಚಿಗೆ ಒಯ್ಯಬೇಕು. ಒಂದು ಸಲ ಹುಡುಗನೊಬ್ಬನ ಹೆಣ ಹೊತ್ತ ಕುದುರೆ ಬೆದರಿ ಮಂಜಿನಲ್ಲಿ ಮರೆಯಾಯಿತಂತೆ. ಅದೇ ಕೊರಗಿನಲ್ಲಿ ತಾಯಿಯೂ ಸತ್ತಳು. ಅವಳನ್ನು ಹೊತ್ತ ಕುದುರೆಯೂ ಓಡಿಹೋಯಿತು. ಹುಡುಕಿದವರಿಗೆ ಸಿಕ್ಕಿದ್ದು ಮಗನ ಕುದುರೆ, ತಾಯಿಯದು ಇವತ್ತಿಗೂ ಸಿಕ್ಕಿಲ್ಲ ಅಂತ ಕಥೆ. ಕಥೆ ಏನೇ ಇರಲಿ, ಹೆಣದ ಹಿಂದೆ ಆ ಗಾಳಿಯಲ್ಲಿ ಅಷ್ಟು ದೂರ ನಡೆದವರು ನಿಜ. ಅದನ್ನು ನೆನೆದರೆ ನನ್ನ ಕರುಳು ಹಿಂಡುತ್ತದೆ.

ನೀನು ಬಂದಾಗ ಆ ದಾರಿಯಲ್ಲೇ ನಡೆಯೋಣ. ಬೂಟ್ ಹಳ್ಳಿಯ ಹತ್ತಿರದ ಡೇಲ್‌ಗಾರ್ತ್‌ನಿಂದ ಕಡಲಂಚಿನ ರೇವನ್‌ಗ್ಲಾಸ್‌ಗೆ ಪುಟ್ಟ ರೈಲಿದೆ, ಹಳಿಯ ಅಗಲ ಬರೀ 15 ಇಂಚು. ಮೇ ತಿಂಗಳಿಗೆ ಟಿಕೆಟ್ ಮಾಡಿಸು. ಹರ್ಡ್‌ವಿಕ್ ಕುರಿಗಳು ಮರಿ ಹಾಕಿರುತ್ತವೆ, ದೊಡ್ಡವೆಲ್ಲ ಬೂದು ಬಣ್ಣ, ಮರಿಗಳು ಮಾತ್ರ ಕಪ್ಪು. ಮಳೆ ವಿಪರೀತ, ಒಳ್ಳೆ ರೈನ್‌ಕೋಟು, ಗಟ್ಟಿ ಶೂ ತಾ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ರಾಘು